ಸಹನೆ ಎಂಬುದು ಸೌಲಭ್ಯವಲ್ಲ

ಸಂಸತ್ತು 2016ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಗಮನವಿಟ್ಟು ಓದಿದವರಿಗೆ ಒಂದು ವಿಚಿತ್ರ ಸಂಗತಿ ಕಾಣಸಿಗುತ್ತದೆ. ಕಾಯ್ದೆಯ ಅನುಸೂಚಿಯಲ್ಲಿ ಹೆಸರಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಹಿಮೋಫಿಲಿಯಾ ಕೂಡ ಒಂದು. 1995ರ ಹಳೆಯ ಕಾಯ್ದೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲವಾದ್ದರಿಂದ ಇದೊಂದು ದೊಡ್ಡ ಹೆಜ್ಜೆ ಎಂಬುದರಲ್ಲಿ ಅನುಮಾನವಿಲ್ಲ. ಕಾಯ್ದೆಯ 32ನೇ ಕಲಂ ಪ್ರಕಾರ, ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣೀಕೃತರಾದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟುಗಳು ಮೀಸಲು. ಹಿಮೋಫಿಲಿಯಾ ಉಳ್ಳವರಿಗೂ ಇದು ಅನ್ವಯಿಸುತ್ತದೆ. ಆದರೆ ಎರಡು ಕಲಂ ಮುಂದೆ ಹೋಗಿ, ಸರ್ಕಾರಿ ಹುದ್ದೆಗಳಲ್ಲಿ ಶೇ 4ರ ಮೀಸಲಾತಿಯನ್ನು ವಿಧಿಸುವ 34ನೇ ಕಲಮನ್ನು ನೋಡಿ. ದೃಷ್ಟಿದೋಷ, ಶ್ರವಣದೋಷ, ಚಲನ ವೈಕಲ್ಯ, ಮಾನಸಿಕ ಮತ್ತು ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇವೆಲ್ಲ ಅಲ್ಲಿವೆ. ರಕ್ತಕ್ಕೆ ಸಂಬಂಧಿಸಿದ ಮೂರು ಕಾಯಿಲೆಗಳು, ಅಂದರೆ ಹಿಮೋಫಿಲಿಯಾ, ಥಲಸೇಮಿಯಾ ಮತ್ತು ಸಿಕಲ್ ಸೆಲ್, ಅಲ್ಲಿ ಇಲ್ಲ.

ಕಾಲೇಜಿನ ಬಾಗಿಲನ್ನು ತೆರೆದ ಕಾಯ್ದೆ ಕಚೇರಿಯ ಬಾಗಿಲ ಬಳಿ ಬಂದು ಸುಮ್ಮನಾಗಿದೆ. ಕೀಲುಗಳು ಪೂರ್ತಿ ಹಾಳಾಗಿ 'ಚಲನ ವೈಕಲ್ಯ'ದ ಪ್ರಮಾಣಪತ್ರ ದೊರೆತರೆ ಮಾತ್ರ ಆ ಬಾಗಿಲು ತೆರೆದೀತು. ಚಿಕಿತ್ಸೆಯಿಂದ ಕೀಲನ್ನು ಉಳಿಸಿಕೊಂಡವನಿಗೆ ಹುದ್ದೆಯಿಲ್ಲ, ಕಳೆದುಕೊಂಡವನಿಗೆ ಉಂಟು ಎಂಬ ಈ ವ್ಯವಸ್ಥೆಯನ್ನು ಯಾರೂ ಬೇಕೆಂದು ರೂಪಿಸಿರಲಾರರು. ಆದರೆ ಹಿಮೋಫಿಲಿಯಾ ಉಳ್ಳ ವಯಸ್ಕರ ಬಗ್ಗೆ ನಮ್ಮ ಆಡಳಿತ ಎಷ್ಟು ಕಡಿಮೆ ಯೋಚಿಸಿದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕನ್ನಡದಲ್ಲಿ ಈ ಕಾಯಿಲೆಗೆ ಕುಸುಮ ರೋಗ ಎಂಬ ಹೆಸರಿದೆ. ಹೆಸರಿನ ಕೋಮಲತೆ ಕಾಯಿಲೆಗಿಲ್ಲ. ರಕ್ತ ಹೆಪ್ಪುಗಟ್ಟಲು ಅಗತ್ಯವಾದ ಹಲವು ಪ್ರೋಟೀನುಗಳಲ್ಲಿ ಫ್ಯಾಕ್ಟರ್ 8 ಎಂಬುದರ ಕೊರತೆಯಾದರೆ ಹಿಮೋಫಿಲಿಯಾ 'ಎ', ಫ್ಯಾಕ್ಟರ್ 9ರ ಕೊರತೆಯಾದರೆ ಹಿಮೋಫಿಲಿಯಾ 'ಬಿ'. ಹುಟ್ಟುವ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ 'ಎ' ಬಗೆಯದು ಇರುತ್ತದೆ. 'ಬಿ' ಬಗೆಯದು ಇನ್ನೂ ವಿರಳ. ಸಹಜ ಪ್ರಮಾಣದ ಶೇ 1ಕ್ಕಿಂತ ಕಡಿಮೆ ಫ್ಯಾಕ್ಟರ್ ಇದ್ದವರದು ತೀವ್ರ ಸ್ವರೂಪ. ಅಂಥವರಿಗೆ ಪೆಟ್ಟು ಬೀಳಬೇಕೆಂದೇನಿಲ್ಲ. ರಾತ್ರಿ ಚೆನ್ನಾಗಿ ಮಲಗಿದವರು ಬೆಳಿಗ್ಗೆ ಏಳುವಷ್ಟರಲ್ಲಿ ಮೊಣಕಾಲಿನೊಳಗೆ ರಕ್ತ ತುಂಬಿಕೊಂಡಿರಬಹುದು.

ಸಣ್ಣ ಗಾಯವಾದರೆ ರಕ್ತ ನಿಲ್ಲದೆ ಸಾಯುತ್ತಾರೆ ಎಂಬುದು ಜನರಲ್ಲಿರುವ ಸಾಮಾನ್ಯ ಕಲ್ಪನೆ. ವಾಸ್ತವದಲ್ಲಿ ಈ ಕಾಯಿಲೆ ಬದುಕನ್ನು ಸವೆಸುವುದು ಹೊರಗೆ ಕಾಣದ ರಕ್ತಸ್ರಾವದಿಂದ. ಮೊಣಕಾಲು, ಮೊಣಕೈ, ಹಿಮ್ಮಡಿಯ ಗಂಟು ಇವೇ ಮುಖ್ಯ ಗುರಿಗಳು. ಒಂದೇ ಕೀಲಿನೊಳಗೆ ಮತ್ತೆ ಮತ್ತೆ ರಕ್ತ ಸೇರಿದಾಗ ಅದರಲ್ಲಿನ ಕಬ್ಬಿಣದ ಅಂಶ ಒಳಪೊರೆಯನ್ನು ಕೆರಳಿಸುತ್ತದೆ. ಊದಿಕೊಂಡ ಪೊರೆಯಲ್ಲಿ ರಕ್ತಸ್ರಾವ ಇನ್ನಷ್ಟು ಸುಲಭವಾಗುತ್ತದೆ. ಕ್ರಮೇಣ ಮೃದ್ವಸ್ಥಿ ಸವೆದು ಕೀಲು ಬಿಗಿಯುತ್ತದೆ. ಬಾಲ್ಯದಲ್ಲಿ ಸರಿಯಾದ ಚಿಕಿತ್ಸೆ ಸಿಗದೆ ಬೆಳೆದವರು ಮೂವತ್ತರ ವಯಸ್ಸಿಗೇ ಎಪ್ಪತ್ತರ ಮೊಣಕಾಲನ್ನು ಹೊತ್ತು ನಡೆಯುತ್ತಾರೆ. ನೋವಿಗೆ ಎಲ್ಲರೂ ನುಂಗುವ ಆಸ್ಪಿರಿನ್, ಐಬುಪ್ರೊಫೇನ್‌ನಂಥ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಇವರಿಗೆ ಸಲ್ಲದು.

ಚಿಕಿತ್ಸೆಯ ಇತಿಹಾಸವೇನೂ ಹಳೆಯದಲ್ಲ. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಇಂಗಾ ಮೇರಿ ನಿಲ್ಸನ್ 1958ರಲ್ಲಿ, ರಕ್ತಸ್ರಾವವಾಗುವವರೆಗೆ ಕಾಯದೆ ನಿಯತವಾಗಿ ಫ್ಯಾಕ್ಟರ್ ನೀಡುವ ಪದ್ಧತಿಯನ್ನು ಆರಂಭಿಸಿದರು. ಅಮೆರಿಕದ ಜುಡಿತ್ ಪೂಲ್ 1960ರ ದಶಕದಲ್ಲಿ ಕಂಡುಹಿಡಿದ ಕ್ರಯೋಪ್ರೆಸಿಪಿಟೇಟ್ ವಿಧಾನದಿಂದಾಗಿ ಸಾಮಾನ್ಯ ರಕ್ತನಿಧಿಗಳಲ್ಲೂ ಫ್ಯಾಕ್ಟರ್ 8 ತಯಾರಿಸಲು ಸಾಧ್ಯವಾಯಿತು. 1980ರ ದಶಕದಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಸೋಂಕು ತಗುಲಿದ ಪ್ಲಾಸ್ಮಾದಿಂದ ತಯಾರಾದ ಔಷಧವೇ ಅನೇಕ ದೇಶಗಳಲ್ಲಿ ಸಾವಿರಾರು ಜನರ ಪ್ರಾಣಕ್ಕೆ ಎರವಾಯಿತು. ಆ ದುರಂತದ ನಂತರ ಬಂದ ಸುರಕ್ಷಿತ ಔಷಧಗಳ ಫಲವಾಗಿ, ಒಂದು ಕಾಲಕ್ಕೆ ಮಕ್ಕಳ ಕಾಯಿಲೆಯೆನಿಸಿದ್ದ ಹಿಮೋಫಿಲಿಯಾ ಇಂದು ಮಧ್ಯವಯಸ್ಕರ, ವೃದ್ಧರ ಕಾಯಿಲೆಯೂ ಆಗಿದೆ. ಬದುಕುಳಿದವರಿಗೆ ಉದ್ಯೋಗ ಬೇಕು, ಸಂಸಾರ ಬೇಕು, ವಯಸ್ಸಾದಂತೆ ಹೃದಯ, ಹಲ್ಲು, ಪ್ರಾಸ್ಟೇಟ್ ಎಲ್ಲಕ್ಕೂ ಎಲ್ಲರಂತೆ ಚಿಕಿತ್ಸೆ ಬೇಕು. ನಮ್ಮ ಯೋಜನೆಗಳು ಮಾತ್ರ ಇನ್ನೂ ಮಗುವಿನ ಚಿತ್ರವನ್ನೇ ಕಣ್ಣಮುಂದೆ ಇಟ್ಟುಕೊಂಡಿವೆ.

ವಯಸ್ಕರ ಪ್ರಶ್ನೆ ಬಂದಾಗ ನಾವು ಆಡುವ ಮಾತು ಒಂದೇ: 'ಎಷ್ಟು ಧೈರ್ಯವಾಗಿ ನಿಭಾಯಿಸುತ್ತಿದ್ದಾರೆ, ನೋಡಿ!' ಈ ಮೆಚ್ಚುಗೆ ಪ್ರಾಮಾಣಿಕವಾದದ್ದೇ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಮಾತು ಕೇಳಿದಾಗಲೆಲ್ಲ ಅಮರ್ತ್ಯ ಸೇನ್ ಅವರ ವಾದ ನೆನಪಾಗುತ್ತದೆ. ದೀರ್ಘಕಾಲ ಕೊರತೆಯಲ್ಲೇ ಬದುಕಿದವರು ತಮ್ಮ ಆಸೆಗಳನ್ನೇ ಪರಿಸ್ಥಿತಿಗೆ ತಕ್ಕಂತೆ ಕುಗ್ಗಿಸಿಕೊಳ್ಳುತ್ತಾರೆ. ಹೀಗಾಗಿ ಅವರು ತೋರುವ ಸಮಾಧಾನವನ್ನೇ ಯೋಗಕ್ಷೇಮದ ಅಳತೆಗೋಲಾಗಿ ಬಳಸಿದರೆ ಅನ್ಯಾಯವೇ ಲೆಕ್ಕದಿಂದ ಮರೆಯಾಗುತ್ತದೆ ಎಂಬುದು ಅವರ ವಾದದ ಸಾರ. ಅವರದೇ ಇನ್ನೊಂದು ವಿಚಾರವೂ ಇಲ್ಲಿ ಪ್ರಸ್ತುತ. ಒಂದೇ ಆದಾಯವುಳ್ಳ ಇಬ್ಬರಲ್ಲಿ ಒಬ್ಬನಿಗೆ ವೈಕಲ್ಯವಿದ್ದರೆ ಅವನು ಗಳಿಸುವುದೂ ಕಷ್ಟ, ಗಳಿಸಿದ್ದನ್ನು ಬದುಕಾಗಿ ಪರಿವರ್ತಿಸಿಕೊಳ್ಳುವುದೂ ಕಷ್ಟ. ಬಸ್ಸಿನ ಮೆಟ್ಟಿಲು ಹತ್ತಲಾಗದವನಿಗೆ ಆಟೋ ಖರ್ಚು. ನೆಲಮಹಡಿಯ ಮನೆಯೇ ಬೇಕೆಂಬವನಿಗೆ ಹೆಚ್ಚಿನ ಬಾಡಿಗೆ. ಬಡತನದ ರೇಖೆ ಇದನ್ನು ಅಳೆಯುವುದಿಲ್ಲ.

ವೈದ್ಯವಿಜ್ಞಾನ ಈ ವಿಷಯದಲ್ಲಿ ಆಡಳಿತಕ್ಕಿಂತ ಮುಂದಿದೆ. ಹಿಮೋಫಿಲಿಯಾ ಉಳ್ಳ ವಯಸ್ಕರ ಜೀವನ ಗುಣಮಟ್ಟವನ್ನು ಅಳೆಯಲೆಂದೇ 'ಹೀಮ್-ಎ-ಕ್ವಾಲ್' ಎಂಬ ಪ್ರಶ್ನಾವಳಿಯೊಂದು ಬಳಕೆಯಲ್ಲಿದೆ. ಅದರಲ್ಲಿ 46 ಪ್ರಶ್ನೆಗಳು, ಹತ್ತು ವಿಭಾಗಗಳು. ದೈಹಿಕ ಆರೋಗ್ಯ, ಭಾವನೆಗಳು, ತನ್ನ ಬಗ್ಗೆ ತನಗಿರುವ ಭಾವ, ಆಟ ಮತ್ತು ಬಿಡುವು, ಕೆಲಸ ಮತ್ತು ಓದು, ಕಾಯಿಲೆಯನ್ನು ನಿಭಾಯಿಸುವ ಬಗೆ, ಚಿಕಿತ್ಸೆ, ಭವಿಷ್ಯ, ಕುಟುಂಬ ಯೋಜನೆ, ದಾಂಪತ್ಯ ಇವೇ ಆ ಹತ್ತು. ನಿಭಾಯಿಸುವುದು ಹತ್ತರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಬೇಕು. ನಾವಾದರೋ ಉಳಿದ ಒಂಬತ್ತರ ಭಾರವನ್ನೂ ಆ ಒಂದರ ಮೇಲೆಯೇ ಹೇರಿ, ಹೊತ್ತವನ ಬೆನ್ನು ತಟ್ಟುತ್ತಿದ್ದೇವೆ.

ಕೆಲಸದ ವಿಷಯವನ್ನೇ ತೆಗೆದುಕೊಳ್ಳೋಣ. ತೀವ್ರ ಹಿಮೋಫಿಲಿಯಾ ಉಳ್ಳ, ನಿಯತ ಚಿಕಿತ್ಸೆಯಿಲ್ಲದ 60 ಕೆ.ಜಿ. ತೂಕದ ಒಬ್ಬ ಯುವಕನಿಗೆ ವರ್ಷದಲ್ಲಿ 20 ಬಾರಿ ರಕ್ತಸ್ರಾವವಾಗುತ್ತದೆ, ಪ್ರತಿ ಬಾರಿ ಮೂರು ದಿನ ಎದ್ದು ಓಡಾಡಲಾಗದು ಎಂದು ಊಹಿಸಿಕೊಳ್ಳಿ. ಇದು ಅತಿಶಯದ ಊಹೆಯಲ್ಲ. ಒಟ್ಟು 60 ದಿನಗಳಾದವು. ರಾಜ್ಯ ಸರ್ಕಾರಿ ನೌಕರನಾಗಿದ್ದರೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧವೇತನ ರಜೆ, ಜೊತೆಗೆ ಸಾಂದರ್ಭಿಕ ರಜೆಯನ್ನೂ ಸೇರಿಸಿ ಅವನು ಹೇಗೋ ದಡ ಸೇರಬಹುದು. ಆದರೆ ಮಗಳ ಮದುವೆಗೋ ತಾಯಿಯ ಶುಶ್ರೂಷೆಗೋ ಒಂದು ದಿನವೂ ಮಿಗುವುದಿಲ್ಲ. ಕಾರ್ಮಿಕರ ರಾಜ್ಯ ವಿಮೆಯ ವ್ಯಾಪ್ತಿಗೆ ಬಂದವನಿಗೆ ವರ್ಷಕ್ಕೆ ಗರಿಷ್ಠ 91 ದಿನ, ವೇತನದ ಶೇ 70ರಷ್ಟು ಕಾಯಿಲೆ ಭತ್ಯೆಯುಂಟು. ಗಾರೆ ಕೆಲಸದವನಿಗೆ, ಹೋಟೆಲ್ ಕಾರ್ಮಿಕನಿಗೆ, ಡೆಲಿವರಿ ಹುಡುಗನಿಗೆ ಇದಾವುದೂ ಇಲ್ಲ. ಅವನ ಪಾಲಿಗೆ 60 ದಿನವೆಂದರೆ ಎರಡು ತಿಂಗಳ ಕೂಲಿ. ಹೆಚ್ಚಿನ ಸಂದರ್ಭಗಳಲ್ಲಿ ಕೆಲಸವೇ ಹೋದಂತೆ.

ಈಗ ಔಷಧದ ಲೆಕ್ಕ. ಒಂದು ಕೆ.ಜಿ. ತೂಕಕ್ಕೆ ಒಂದು ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇ 2ರಷ್ಟು ಏರುತ್ತದೆ. ಕೀಲಿನ ರಕ್ತಸ್ರಾವವನ್ನು ನಿಲ್ಲಿಸಲು ಶೇ 40ರ ಮಟ್ಟ ಬೇಕೆಂದರೆ ನಮ್ಮ ಈ ಯುವಕನಿಗೆ ಒಂದು ಸಲಕ್ಕೆ 1,200 ಯೂನಿಟ್ ಬೇಕು. ಪ್ರತಿ ರಕ್ತಸ್ರಾವಕ್ಕೆ ಎರಡು ಸಲ ಕೊಟ್ಟರೆ ವರ್ಷಕ್ಕೆ 48,000 ಯೂನಿಟ್. ಬದಲಿಗೆ, ರಕ್ತಸ್ರಾವಕ್ಕಾಗಿ ಕಾಯದೆ, ಕೆ.ಜಿ.ಗೆ 10 ಯೂನಿಟ್‌ನಂತೆ ವಾರಕ್ಕೆ ಎರಡು ಬಾರಿ ಕೊಡುವ ಕಡಿಮೆ ಪ್ರಮಾಣದ ಮುಂಜಾಗ್ರತಾ ಚಿಕಿತ್ಸೆಗೆ ವರ್ಷಕ್ಕೆ 62,400 ಯೂನಿಟ್. ವ್ಯತ್ಯಾಸ 14,400 ಯೂನಿಟ್. ಅದರ ನಡುವೆಯೂ ಆಗೊಮ್ಮೆ ಈಗೊಮ್ಮೆ ರಕ್ತಸ್ರಾವವಾದರೆ ಹೆಚ್ಚುವರಿ ಔಷಧ ಬೇಕಾದೀತು; ಈಗಾಗಲೇ ಸವೆದ ಕೀಲು ಹಿಂದಿನಂತಾಗುವುದೂ ಇಲ್ಲ. ಆದರೆ ರಕ್ತಸ್ರಾವಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ ಎಂಬುದನ್ನು ಭಾರತವೂ ಸೇರಿದಂತೆ ಹಲವು ದೇಶಗಳ ಅನುಭವ ತೋರಿಸಿದೆ. ವಿಶ್ವ ಹಿಮೋಫಿಲಿಯಾ ಒಕ್ಕೂಟ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ತೀವ್ರ ಸ್ವರೂಪದ ಕಾಯಿಲೆಗೆ ಮುಂಜಾಗ್ರತಾ ಚಿಕಿತ್ಸೆಯೇ ಸರಿಯಾದ ಕ್ರಮವೆಂದು ಸಾರಿದೆ. ಆ ಮಾರ್ಗಸೂಚಿಯ ಮುಖ್ಯ ಲೇಖಕರು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಡಾ. ಅಲೋಕ್ ಶ್ರೀವಾಸ್ತವ ಎಂಬುದು ನಮಗೆ ಹೆಮ್ಮೆಯ ವಿಷಯ.

ಸಮಸ್ಯೆ ಇರುವುದು ಲೆಕ್ಕ ಬರೆಯುವ ಪುಸ್ತಕದಲ್ಲಿ. ಹೆಚ್ಚುವರಿ 14,400 ಯೂನಿಟ್‌ಗಳ ಬೆಲೆ ಆರೋಗ್ಯ ಇಲಾಖೆಯ ವೆಚ್ಚದ ಕಾಲಮಿನಲ್ಲಿ ಕಾಣುತ್ತದೆ. ಉಳಿದ ನಲವತ್ತೋ ಐವತ್ತೋ ದಿನಗಳ ದುಡಿಮೆ, ತಪ್ಪಿದ ಮೊಣಕಾಲು ಶಸ್ತ್ರಚಿಕಿತ್ಸೆ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಿದ್ದ ಹೆಂಡತಿ ಅಥವಾ ತಾಯಿಯ ಕೂಲಿ ಇವು ಯಾವ ಇಲಾಖೆಯ ಪುಸ್ತಕದಲ್ಲೂ ಜಮೆಯಾಗುವುದಿಲ್ಲ. ಖರ್ಚು ಸರ್ಕಾರದ ಹೆಸರಿನಲ್ಲಿ, ಉಳಿತಾಯ ಕುಟುಂಬದ ಹೆಸರಿನಲ್ಲಿ ಇರುವವರೆಗೆ ಹಣಕಾಸು ಇಲಾಖೆಯ ಟಿಪ್ಪಣಿ ಏನಿರುತ್ತದೆಂದು ಊಹಿಸಲು ನನ್ನಂಥವರಿಗೆ ಕಷ್ಟವೇನಿಲ್ಲ.

ನಮ್ಮ ರಾಜ್ಯದಲ್ಲಿ ಏನೂ ಆಗಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಜಿಲ್ಲಾ ಆಸ್ಪತ್ರೆಗಳ ಮೂಲಕ ಉಚಿತವಾಗಿ ಫ್ಯಾಕ್ಟರ್ ನೀಡುವ ವ್ಯವಸ್ಥೆ ಬಂದಿದೆ. ಇದರ ಹಿಂದೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ದೀರ್ಘ ಪ್ರಯತ್ನವಿದೆ. ಅದನ್ನು ಮುನ್ನಡೆಸಿದ ರೋಗಶಾಸ್ತ್ರ ಪ್ರಾಧ್ಯಾಪಕ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಉಳ್ಳವರು. 1963ರಲ್ಲಿ ವಿಶ್ವ ಒಕ್ಕೂಟವನ್ನು ಕಟ್ಟಿದ ಕೆನಡಾದ ಫ್ರಾಂಕ್ ಶ್ನಾಬೆಲ್ ಕೂಡ ಹಾಗೆಯೇ; ಅವರ ಜನ್ಮದಿನವಾದ ಏಪ್ರಿಲ್ 17ನ್ನೇ ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸಲಾಗುತ್ತದೆ. ರೋಗಿಗಳೇ ಸಂಘಟಿತರಾಗಿ ಪಡೆದ ಸೌಲಭ್ಯಗಳಿವು ಎಂಬುದನ್ನು ಮರೆಯಬಾರದು. ಆದರೆ ಜಿಲ್ಲಾ ಕೇಂದ್ರದಲ್ಲಿ ಔಷಧವಿದೆ ಎನ್ನುವುದಕ್ಕೂ ಎಂಬತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಊದಿದ ಮೊಣಕಾಲಿನೊಡನೆ ಮಲಗಿದವನಿಗೆ ಅದು ದೊರೆಯುವುದಕ್ಕೂ ಅಂತರವಿದೆ. ವಾರಕ್ಕೆ ಎರಡು ಸಲ ಜಿಲ್ಲಾಸ್ಪತ್ರೆಗೆ ಬಾ ಎಂದರೆ ಅದು ಮುಂಜಾಗ್ರತಾ ಚಿಕಿತ್ಸೆಯೆನಿಸುವುದಿಲ್ಲ. ಕೆಲಸ ಕಳೆದುಕೊಳ್ಳಲು ಇನ್ನೊಂದು ದಾರಿಯಾಗುತ್ತದೆ.

ರೈಲ್ವೆಯ ರಿಯಾಯಿತಿ ಇದಕ್ಕೆ ಇನ್ನೊಂದು ಉದಾಹರಣೆ. ಹಿಮೋಫಿಲಿಯಾ ರೋಗಿಗಳಿಗೆ ಪ್ರಯಾಣದರದಲ್ಲಿ ರಿಯಾಯಿತಿಯುಂಟು. ಆದರೆ ಅದು ಚಿಕಿತ್ಸೆಗೆ, ತಪಾಸಣೆಗೆ ಹೋಗಿಬರಲು. ಆಸ್ಪತ್ರೆಗೆ ಹೋಗುವವನನ್ನು ವ್ಯವಸ್ಥೆ ಗುರುತಿಸುತ್ತದೆ. ಅದೇ ಮನುಷ್ಯ ಕೆಲಸಕ್ಕೆ ಹೊರಟರೆ ಗುರುತಿಸುವುದಿಲ್ಲ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಜಿಲ್ಲೆಯೊಂದರಲ್ಲಿ ಸೇವೆಯಲ್ಲಿದ್ದಾಗ ದ್ವಿತೀಯ ದರ್ಜೆ ಸಹಾಯಕರೊಬ್ಬರ ಕಡತ ನನ್ನ ಮೇಜಿಗೆ ಬಂದಿತ್ತು. ವಿಷಯ: ಪದೇ ಪದೇ ಅನಧಿಕೃತ ಗೈರುಹಾಜರಿ. ಕಾರಣ ಕೇಳಿದ ನೋಟಿಸಿಗೆ ಅವರ ಉತ್ತರ ಎರಡೇ ಪದ: ಮೊಣಕಾಲು ನೋವು. ಕರೆಸಿ ಕೇಳಿದಾಗ ಬಹಳ ಹಿಂಜರಿದು ಕಾಯಿಲೆಯ ಹೆಸರು ಹೇಳಿದರು. "ಮೊದಲೇ ಏಕೆ ಹೇಳಲಿಲ್ಲ?" ಎಂದು ಕೇಳಿದೆ. "ಹೇಳಿದ್ದರೆ ಕೆಲಸಕ್ಕೇ ತೆಗೆದುಕೊಳ್ಳುತ್ತಿರಲಿಲ್ಲವಲ್ಲ ಸಾರ್" ಎಂದರು. ಅವರನ್ನು ಹಾಕಿದ್ದು ಮಹಡಿಯ ಮೇಲಿನ ದಾಖಲೆ ಕೊಠಡಿಗೆ. ಕಡತದ ಕಟ್ಟುಗಳನ್ನು ಹೊತ್ತು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕೆಲಸ. ಕೆಳಮಹಡಿಯ ಟಪಾಲು ವಿಭಾಗಕ್ಕೆ ಬದಲಾಯಿಸಿದ ಮೇಲೆ ಗೈರುಹಾಜರಿ ಪೂರ್ತಿ ನಿಲ್ಲದಿದ್ದರೂ ಗಮನಾರ್ಹವಾಗಿ ಇಳಿಯಿತು. ಅದಕ್ಕೆ ಬೇಕಾದದ್ದು ಒಂದು ಕಚೇರಿ ಆದೇಶ. ಬೊಕ್ಕಸಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಅಂದು ಅದು ಅಧಿಕಾರಿಯ ವಿವೇಚನೆಗೆ ಬಿಟ್ಟ ಸಂಗತಿಯಾಗಿತ್ತು. 2016ರ ಕಾಯ್ದೆಯ 20ನೇ ಕಲಂ ಇಂದು ಅದನ್ನು ಹಕ್ಕಾಗಿಸಿದೆ. ಸರ್ಕಾರಿ ಸಂಸ್ಥೆಗಳು ನೌಕರನ ವೈಕಲ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕು, ಸೇವೆಯಲ್ಲಿದ್ದಾಗ ವೈಕಲ್ಯ ಉಂಟಾದರೆ ವಜಾ ಮಾಡುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಆದರೆ ಎಷ್ಟು ಕಚೇರಿಗಳ ಮುಖ್ಯಸ್ಥರು ಈ ಕಲಮನ್ನು ಓದಿದ್ದಾರೆ?

ಕಾಯಿಲೆಯನ್ನು ಮುಚ್ಚಿಡುವುದು ಕಚೇರಿಯಲ್ಲಷ್ಟೇ ಅಲ್ಲ. ಹೆಣ್ಣು ನೋಡಲು ಹೋದಾಗ ಹೇಳಬೇಕೇ ಬೇಡವೇ ಎಂಬುದು ಈ ಯುವಕರನ್ನೂ ಅವರ ತಂದೆತಾಯಿಯರನ್ನೂ ಕೊರೆಯುವ ಪ್ರಶ್ನೆ. ಇಲ್ಲಿ ವಿಜ್ಞಾನ ಹೇಳುವುದು ಸ್ಪಷ್ಟವಾಗಿದೆ. ಹಿಮೋಫಿಲಿಯಾ ಉಳ್ಳ ತಂದೆಯಿಂದ ಗಂಡುಮಕ್ಕಳಿಗೆ ಕಾಯಿಲೆ ಬರುವುದಿಲ್ಲ. ಹೆಣ್ಣುಮಕ್ಕಳೆಲ್ಲರೂ ಅದರ ವಾಹಕರಾಗುತ್ತಾರೆ. ವಾಹಕಿಯರಲ್ಲಿ ಕೆಲವರಿಗೆ ಫ್ಯಾಕ್ಟರ್ ಮಟ್ಟ ಕಡಿಮೆಯಿದ್ದು ಹೆರಿಗೆ, ಮುಟ್ಟಿನ ಸಮಯದಲ್ಲಿ ತೊಂದರೆಯಾಗಬಹುದು. ಸುಮಾರು ಮೂರನೆಯ ಒಂದು ಪಾಲು ಪ್ರಕರಣಗಳಲ್ಲಿ ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಆದರೂ 'ನಿನ್ನ ತವರಿನಿಂದ ಬಂದ ಕಾಯಿಲೆ' ಎಂಬ ಮಾತನ್ನು ಎಷ್ಟೋ ತಾಯಂದಿರು ಜೀವನಪೂರ್ತಿ ಕೇಳುತ್ತಾರೆ. ಮದುವೆಗೆ ಮೊದಲು ಕುಟುಂಬವನ್ನು ಕೂರಿಸಿ ಇದನ್ನೆಲ್ಲ ತಿಳಿಹೇಳುವ ಆಪ್ತಸಲಹೆಗಾರರು ಪ್ರತಿ ಜಿಲ್ಲೆಯಲ್ಲೂ ಇರಬೇಕಾದ್ದು ನ್ಯಾಯ.

ಹೊಸ ಔಷಧಗಳು ಬರುತ್ತಿವೆ, ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಎಮಿಸಿಜುಮ್ಯಾಬ್ ಎಂಬ ಔಷಧವನ್ನು ರಕ್ತನಾಳಕ್ಕೆ ಬದಲಾಗಿ ಚರ್ಮದಡಿಗೆ, ವಾರಕ್ಕೊಮ್ಮೆಯಿಂದ ನಾಲ್ಕು ವಾರಕ್ಕೊಮ್ಮೆ ಕೊಟ್ಟರೆ ಹಿಮೋಫಿಲಿಯಾ 'ಎ' ಉಳ್ಳವರಲ್ಲಿ ರಕ್ತಸ್ರಾವವನ್ನು ಬಹುಮಟ್ಟಿಗೆ ತಡೆಯಬಹುದು. ವೆಲ್ಲೂರಿನ ವೈದ್ಯರು ಐವರು ವಯಸ್ಕರ ಮೇಲೆ ನಡೆಸಿದ ಜೀನ್ ಚಿಕಿತ್ಸೆಯ ಭರವಸೆದಾಯಕ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಇವೆಲ್ಲ ಸಂತೋಷದ ಸುದ್ದಿಗಳೇ. ಆದರೆ ಹೊಸ ಔಷಧ ಬಂದಾಗಲೂ ಸರದಿಯಲ್ಲಿ ವಯಸ್ಕರು ಹಿಂದೆಯೇ ನಿಲ್ಲುತ್ತಾರೆ. ಕೇರಳ ಸರ್ಕಾರ 'ಆಶಾಧಾರ' ಯೋಜನೆಯಡಿ 2024ರಲ್ಲಿ ಎಮಿಸಿಜುಮ್ಯಾಬ್ ಅನ್ನು ಉಚಿತವಾಗಿ ನೀಡಲು ಮುಂದಾದದ್ದು 18 ವರ್ಷದೊಳಗಿನವರಿಗೆ. ಮಕ್ಕಳ ಕೀಲನ್ನು ಮೊದಲು ಉಳಿಸಬೇಕೆಂಬ ತರ್ಕ ಸರಿಯಾದದ್ದೇ; ಆ ಸರ್ಕಾರವನ್ನು ಅಭಿನಂದಿಸಲೇಬೇಕು. ಆದರೆ ಹತ್ತೊಂಬತ್ತಕ್ಕೆ ಕಾಲಿಟ್ಟ ದಿನ ಕಾಯಿಲೆ ಬಿಟ್ಟುಹೋಗುವುದಿಲ್ಲ. ಬಾಲ್ಯದಲ್ಲಿ ನಾವು ಹೂಡಿದ ಹಣದ ಫಲ ಕಾಣಬೇಕಾದದ್ದು ದುಡಿಯುವ ವಯಸ್ಸಿನಲ್ಲಿ.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಮೊದಲನೆಯದಾಗಿ, ತೀವ್ರ ಹಿಮೋಫಿಲಿಯಾ ಉಳ್ಳ ವಯಸ್ಕರಿಗೂ ಕಡಿಮೆ ಪ್ರಮಾಣದ ಮುಂಜಾಗ್ರತಾ ಚಿಕಿತ್ಸೆಯನ್ನು ನೀಡಬೇಕು. ತಾವೇ ಚುಚ್ಚಿಕೊಳ್ಳಲು ತರಬೇತಿ ಕೊಟ್ಟು ತಿಂಗಳ ಔಷಧವನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ದೊರಕಿಸಬೇಕು. ಜೊತೆಗೆ ಕೀಲುಗಳ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟರ ನೆರವೂ ಸಿಗಬೇಕು. ಎರಡನೆಯದಾಗಿ, 20ನೇ ಕಲಮಿನ ಅನ್ವಯ ಹಿಮೋಫಿಲಿಯಾ ಉಳ್ಳ ನೌಕರರಿಗೆ ಯಾವ ಅನುಕೂಲಗಳನ್ನು ಕಲ್ಪಿಸಬೇಕೆಂದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಬೇಕು. ಕೆಳಮಹಡಿಯ ಮೇಜು, ಚಿಕಿತ್ಸೆಯ ದಿನಕ್ಕೆ ಹೊಂದುವ ಕೆಲಸದ ವೇಳೆ, ತಿರುಗಾಟವಿಲ್ಲದ ಕೆಲಸ ಇವಿಷ್ಟೇ ಸಾಕು. ಮೂರನೆಯದಾಗಿ, 34ನೇ ಕಲಮಿನಲ್ಲಿ ರಕ್ತಸಂಬಂಧಿ ಕಾಯಿಲೆಗಳನ್ನು ಕೈಬಿಟ್ಟಿರುವುದನ್ನು ಸಂಸತ್ತು ಮರುಪರಿಶೀಲಿಸಬೇಕು. ಕರ್ನಾಟಕದ ಸಂಸದರು ಈ ಪ್ರಶ್ನೆಯನ್ನು ಎತ್ತಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಮೊದಲೆರಡಕ್ಕೆ ರಾಜ್ಯ ಸರ್ಕಾರ ದೆಹಲಿಯ ಕಡೆ ನೋಡಬೇಕಾದ ಅಗತ್ಯವಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನಾವು ಎಣಿಸುವ ಅಂಕಿಗಳು ಬದಲಾಗಬೇಕು. ಆಡಳಿತದಲ್ಲಿ ಮೂರು ದಶಕ ಕಳೆದವನಾಗಿ ಒಂದನ್ನು ಖಚಿತವಾಗಿ ಹೇಳಬಲ್ಲೆ: ಇಲಾಖೆಗಳು ಯಾವುದನ್ನು ಎಣಿಸುತ್ತವೆಯೋ ಅದನ್ನೇ ಮಾಡುತ್ತವೆ. ಪ್ರತಿ ವರ್ಷ ಏಪ್ರಿಲ್ 17ರಂದು ಎಷ್ಟು ಮಂದಿ ನೋಂದಾಯಿತರಾಗಿದ್ದಾರೆ, ಎಷ್ಟು ಯೂನಿಟ್ ಫ್ಯಾಕ್ಟರ್ ವಿತರಿಸಲಾಯಿತು ಎಂದು ಹೇಳಿದರೆ ಸಾಲದು. ಹಿಮೋಫಿಲಿಯಾ ಉಳ್ಳ ವಯಸ್ಕರಲ್ಲಿ ಎಷ್ಟು ಮಂದಿ ಉದ್ಯೋಗದಲ್ಲಿದ್ದಾರೆ, ಕಳೆದ ವರ್ಷ ಎಷ್ಟು ದಿನ ಅವರು ಕೆಲಸಕ್ಕೆ ಹೋಗಲಾಗಲಿಲ್ಲ ಎಂಬ ಎರಡು ಅಂಕಿಗಳನ್ನೂ ಜಿಲ್ಲಾವಾರು ಪ್ರಕಟಿಸಲಿ. ಅವರು ಎಷ್ಟು ಸಹನಶೀಲರು ಎಂಬುದು ನಮಗೆ ಈಗಾಗಲೇ ಗೊತ್ತಿದೆ. ಆ ಸಹನೆಯ ಅಗತ್ಯ ವರ್ಷದಿಂದ ವರ್ಷಕ್ಕೆ ಎಷ್ಟು ಕಡಿಮೆಯಾಗುತ್ತಿದೆ ಎಂಬುದನ್ನು ಸರ್ಕಾರ ನಮಗೆ ತಿಳಿಸಬೇಕು.